ಅರವತ್ತರ ಅನಂತರ ಆಡದ ಮಾತು

ಮೊಮ್ಮಕ್ಕಳನ್ನು ಎತ್ತಿ ಆಡಿಸುವವರಿಗೆ ಇನ್ನೆಲ್ಲಿಯ ದೇಹಸುಖವೆಂದು ಲೋಕ ಎಣಿಸುತ್ತದೆ. ಆ ಎಣಿಕೆ ಎಷ್ಟು ಹುಸಿಯೆಂಬುದನ್ನು ಅಮೆರಿಕದ ಸಮೀಕ್ಷೆಯೊಂದು ತೋರಿಸಿಕೊಟ್ಟಿತು. ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 57ರಿಂದ 85 ವರ್ಷದ 3005 ಮಂದಿ ಸ್ತ್ರೀಪುರುಷರನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, 64ರೊಳಗಿನವರಲ್ಲಿ ನೂರಕ್ಕೆ 73 ಮಂದಿ ಕಾಮಜೀವನವನ್ನು ತೊರೆದಿರಲಿಲ್ಲ. 75 ಮುಟ್ಟಿದವರಲ್ಲಿಯೂ 26 ಮಂದಿ.

ಯೋಚನೆಗೆ ಹಚ್ಚುವ ಅಂಕಿ ಇದಲ್ಲ. ಐವತ್ತು ತುಂಬಿದ ಮೇಲೆ ಈ ವಿಷಯವನ್ನು ವೈದ್ಯರೊಡನೆ ಒಮ್ಮೆಯಾದರೂ ಪ್ರಸ್ತಾಪಿಸಿದವರು ಪುರುಷರಲ್ಲಿ ನೂರಕ್ಕೆ 38, ಸ್ತ್ರೀಯರಲ್ಲಿ ಕೇವಲ 22. ರೋಗಿಗೆ ನಾಚಿಕೆ, ಮಗನ ವಯಸ್ಸಿನ ವೈದ್ಯನಿಗೆ ಅದಕ್ಕಿಂತಲೂ ಹೆಚ್ಚು!

ಮುಟ್ಟು ನಿಂತಿತು, ಇನ್ನು ಬಸಿರಿನ ಭಯವಿಲ್ಲವೆಂದು ನಿರೋಧವನ್ನು ಕೈಬಿಡುವುದುಂಟು. ಬಸಿರನ್ನು ತಡೆಯುವುದಷ್ಟೇ ಅದರ ಕೆಲಸವೆ? ಆ ವಯಸ್ಸಿನಲ್ಲಿ ಯೋನಿಯ ಒಳಪೊರೆ ತೆಳುವಾಗಿ, ಒಣಗಿ, ಬೇಗನೆ ಗಾಯಗೊಳ್ಳುವುದರಿಂದ ಸೋಂಕಿಗೆ ದಾರಿ ಇನ್ನೂ ಸುಲಭ. ವಿಧುರನೋ ವಿಧವೆಯೋ ಹೊಸ ಸಂಗಾತಿಯನ್ನು ಪಡೆದಾಗ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಎಚ್.ಐ.ವಿ.ಯಿಂದ ಬಂದ ಆಯಾಸವನ್ನೂ ತೂಕದ ಇಳಿತವನ್ನೂ ಮುಪ್ಪಿನ ಲಕ್ಷಣವೆಂದೇ ತಿಳಿದು ವೈದ್ಯರೂ ಮೋಸಹೋಗುತ್ತಾರೆ. ಸಿಫಿಲಿಸ್ಸನ್ನು ಪೆನಿಸಿಲಿನ್ ಗುಣಪಡಿಸುತ್ತದೆ, ಎಚ್.ಐ.ವಿ.ಯನ್ನು ಔಷಧಗಳು ಹತೋಟಿಯಲ್ಲಿಡುತ್ತವೆ. ಆದರೆ ಕಂಡುಹಿಡಿದರೆ ತಾನೆ!

1998ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ವಯಾಗ್ರದ ಮಾತು ಬೇರೆ. ಅದನ್ನು ನುಂಗಿದವನು ನೈಟ್ರೇಟ್ ಔಷಧವನ್ನು ಸೇವಿಸಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಾಪಾಯವಾಗಬಹುದು. ಎದೆನೋವೆಂದು ಆಸ್ಪತ್ರೆಗೆ ಬಂದ ಹಿರಿಯರು ಆ ಗುಟ್ಟನ್ನು ಮುಚ್ಚಿಟ್ಟರೆ, ವೈದ್ಯರು ತಿಳಿಯದೆ ತಮ್ಮ ಕೈಯಾರೆ ಅದೇ ನೈಟ್ರೇಟನ್ನು ನಾಲಿಗೆಯಡಿಗೆ ಇಟ್ಟುಬಿಡುತ್ತಾರೆ.