ಕುಂಭಾರಿಯ ಮನೆಗಳು

ಮಕ್ಕಳೇ, ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಕುಳಿತರೆ ದಾರಿಯಲ್ಲಿ ಕುಂಭಾರಿ ಬರುತ್ತದೆ. ಅಲ್ಲಿ ಒಂದೇ ತರಹದ ಸಾವಿರಾರು ಚಿಕ್ಕ ಮನೆಗಳಿವೆ. ಅವು ಯಾರ ಮನೆಗಳು, ಗೊತ್ತೇ? ಬೀಡಿ ಕಟ್ಟುವ ಹೆಣ್ಣುಮಕ್ಕಳವು.

ಬೀಡಿ ಕಟ್ಟುವವರಿಗೆ ತಿಂಗಳ ಸಂಬಳವಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಲೆ, ತಂಬಾಕು ತಂದು ಮನೆಯಲ್ಲಿಯೇ ಕಟ್ಟುತ್ತಾರೆ. ಸೋಲಾಪುರ ಶಹರದಲ್ಲಿ ಅನೇಕರಿಗೆ ಇದ್ದುದು ಬಾಡಿಗೆಯ ಒಂದೇ ಕೋಣೆ. ಅಡಿಗೆ, ನಿದ್ದೆ, ಮಕ್ಕಳ ಅಭ್ಯಾಸ ಎಲ್ಲವೂ ಅದರಲ್ಲಿಯೇ, ತಂಬಾಕಿನ ಘಾಟಿನ ನಡುವೆ! ಕೆಲಸವಿಲ್ಲದ ದಿನ ಕೂಲಿಯಿಲ್ಲ. ಬಾಡಿಗೆಗೆ ಮಾತ್ರ ರಜೆಯಿಲ್ಲ.

ಸ್ವಂತ ಮನೆ ಕಟ್ಟೋಣವೆಂದರೆ ಶಹರದೊಳಗೆ ಜಾಗದ ಬೆಲೆ ಬಹಳ. ಆದ್ದರಿಂದ ಕಾರ್ಮಿಕರು ಸಹಕಾರಿ ಸಂಘ ಮಾಡಿಕೊಂಡರು. ವರ್ಷಗಟ್ಟಲೆ ಮೋರ್ಚಾ ತೆಗೆದರು. ಕೊನೆಗೆ ಖರ್ಚಿನಲ್ಲಿ ಒಂದು ಪಾಲು ಕೇಂದ್ರ ಸರಕಾರ, ಒಂದು ಪಾಲು ರಾಜ್ಯ ಸರಕಾರ, ಉಳಿದ ಪಾಲು ಕಾರ್ಮಿಕರು ಕೊಡುವುದೆಂದು ಗೊತ್ತಾಯಿತು. 2006ರಲ್ಲಿ ಪ್ರಧಾನಮಂತ್ರಿ ಮನಮೋಹನ ಸಿಂಗ್ ಅವರು ಬಂದು ಮನೆಗಳನ್ನು ಒಪ್ಪಿಸಿದರು. ಆ ವಸತಿಯಲ್ಲಿ ಸುಮಾರು 10,000 ಮನೆಗಳು. ಅದಕ್ಕೆ ಕಾರ್ಮಿಕರ ನಾಯಕಿ ಗೋದುತಾಯಿ ಪರುಳೇಕರ ಅವರ ಹೆಸರು. ಮುಂದೆ ಕುಂಭಾರಿಯಲ್ಲಿಯೇ ರೇ ನಗರ ಎದ್ದಿತು. 2024ರ ಜನವರಿಯಲ್ಲಿ ಅಲ್ಲಿ 15,000 ಮನೆಗಳನ್ನು ಕೊಡಲಾಯಿತು.

ಬಾಡಿಗೆ ತಪ್ಪಿತು, ನಿಜ. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ದೊಡ್ಡ ಪೇಟೆ, ದೊಡ್ಡ ದವಾಖಾನೆ ಶಹರದಲ್ಲಿ; ಬೇರೆ ಕೂಲಿ ಹುಡುಕಲೂ ಶಹರಕ್ಕೇ ಹೋಗಬೇಕು. ಹೋಗಲು ರಿಕ್ಷಾ ಅಥವಾ ಬಸ್ಸು, ಬರಲು ಮತ್ತೆ ಅದೇ. ಮೊದಲು ತಿಂಗಳಿಗೊಮ್ಮೆ ಮನೆಯ ಮಾಲಿಕರಿಗೆ ಕೊಡುತ್ತಿದ್ದ ಹಣದಲ್ಲಿ ಸ್ವಲ್ಪ ಭಾಗ ಈಗ ದಿನಾಲು ಕಂಡಕ್ಟರರ ಚೀಲ ಸೇರುತ್ತದೆ.