ಹ್ಯಾಸೆಲ್‌ಬ್ಲಾಡ್ ವಿ ಸರಣಿ

ಹ್ಯಾಸೆಲ್‌ಬ್ಲಾಡ್ ವಿ ಸರಣಿಯು ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದ ಹ್ಯಾಸೆಲ್‌ಬ್ಲಾಡ್ ಸಂಸ್ಥೆಯು ತಯಾರಿಸಿದ, ೧೨೦ ಫಿಲ್ಮ್ ಬಳಸುವ ಕ್ಯಾಮೆರಾಗಳ ಸರಣಿಯಾಗಿದೆ. ಇದರ ತಯಾರಿಕೆ ೨೦೧೩ರಲ್ಲಿ ನಿಂತಿತು. ಬಳಸಿದ ಕ್ಯಾಮೆರಾಗಳಿಗೆ ಈಗಲೂ ಹೆಚ್ಚಿನ ಬೆಲೆಯಿರುವುದರಿಂದ, ಕೊಳ್ಳುವ ಮುನ್ನ ಅದರ ಗುಣ-ಮಿತಿಗಳನ್ನು ತಿಳಿಯುವುದು ಅಗತ್ಯ.

ಇತಿಹಾಸ

ವಿಕ್ಟರ್ ಹ್ಯಾಸೆಲ್‌ಬ್ಲಾಡ್ ರೂಪಿಸಿದ ೧೬೦೦ಎಫ್ ಮಾದರಿಯು ೧೯೪೮ರಲ್ಲಿ ಬಂದಿತು. ಅದರ ಶಟರ್ ಸುಲಭವಾಗಿ ಕೆಡುತ್ತಿತ್ತು. ೧೯೫೭ರ ೫೦೦ಸಿ ಮಾದರಿಯಲ್ಲಿ ಶಟರನ್ನು ಮಸೂರದೊಳಗೆ ಅಳವಡಿಸಲಾಯಿತು. ೧೯೬೨ರಲ್ಲಿ ಗಗನಯಾತ್ರಿ ವಾಲ್ಟರ್ ಶಿರ್ರಾ ೫೦೦ಸಿ ಕ್ಯಾಮೆರಾವನ್ನು ಬಾಹ್ಯಾಕಾಶಕ್ಕೆ ಕೊಂಡೊಯ್ದರು. ೧೯೬೯ರಲ್ಲಿ ಅಪೊಲೊ ೧೧ರ ಯಾತ್ರಿಗಳು ಚಂದ್ರನ ಮೇಲೆ ಬಳಸಿದ್ದು ಇದೇ ಸಂಸ್ಥೆಯ ಮಾರ್ಪಡಿಸಿದ ಕ್ಯಾಮೆರಾವನ್ನು.

ರಚನೆ

ಕ್ಯಾಮೆರಾದ ಒಡಲು, ಮಸೂರ, ವ್ಯೂಫೈಂಡರ್ ಹಾಗೂ ಫಿಲ್ಮ್ ಮ್ಯಾಗಜಿನ್‌ಗಳನ್ನು ಬಿಡಿಬಿಡಿಯಾಗಿ ಕಳಚಿ ಜೋಡಿಸಬಹುದು. ಎರಡು ಮ್ಯಾಗಜಿನ್‌ಗಳಿದ್ದರೆ ರೋಲ್ ಮುಗಿಯುವ ಮೊದಲೇ ಕಪ್ಪು-ಬಿಳುಪಿನಿಂದ ಬಣ್ಣದ ಫಿಲ್ಮ್‌ಗೆ ಬದಲಾಯಿಸಲು ಸಾಧ್ಯ. ಒಂದು ರೋಲ್‌ನಲ್ಲಿ ೧೨ ಚೌಕ ಚಿತ್ರಗಳು ಮೂಡುತ್ತವೆ. ಪ್ರತಿ ಚಿತ್ರದ ಬದಿ ಸುಮಾರು ೫೬ ಮಿ.ಮೀ. ಇದರ ವಿಸ್ತೀರ್ಣ ೩೫ ಮಿ.ಮೀ. ಫಿಲ್ಮ್‌ನ ಚಿತ್ರದ ಮೂರೂವರೆ ಪಟ್ಟಿಗೂ ಹೆಚ್ಚು. ಸೆಕೆಂಡಿನ ೫೦೦ನೇ ಒಂದು ಭಾಗದ ವೇಗದಲ್ಲಿಯೂ ಫ್ಲ್ಯಾಶ್ ಬಳಸಬಹುದು.

ಖರೀದಿಯ ವಿವೇಚನೆ

ದೊಡ್ಡ ಫಿಲ್ಮ್‌ನ ಲಾಭವು ದೊಡ್ಡ ಮುದ್ರಣಗಳಲ್ಲಿ ಸ್ಪಷ್ಟವಾಗುತ್ತದೆ. ಮೊಬೈಲ್ ಪರದೆಯ ಮೇಲೆ ಅಷ್ಟಾಗಿ ಕಾಣದು. ಚೌಕ ಚಿತ್ರವನ್ನು ೩:೨ ಆಯಕ್ಕೆ ಕತ್ತರಿಸಿದರೆ ಮೇಲಿನ ಅನುಪಾತ ಸುಮಾರು ೨.೪ ಪಟ್ಟಿಗೆ ಇಳಿಯುತ್ತದೆ. ಆದ್ದರಿಂದ ಚೌಕ ವಿನ್ಯಾಸ ಒಗ್ಗದವರಿಗೆ ಈ ಸರಣಿಯ ಪ್ರಯೋಜನ ಕಡಿಮೆ.

ಕ್ಯಾಮೆರಾದ ಬೆಲೆಯೇ ಒಟ್ಟು ವೆಚ್ಚವಲ್ಲ. ರೋಲ್, ಸಂಸ್ಕರಣೆ ಮತ್ತು ಸ್ಕ್ಯಾನಿಂಗ್ ವೆಚ್ಚಗಳನ್ನು ಕೂಡಿಸಿ ೧೨ರಿಂದ ಭಾಗಿಸಿದರೆ ಒಂದು ಚಿತ್ರದ ವೆಚ್ಚ ತಿಳಿಯುತ್ತದೆ. ೩೫ ಮಿ.ಮೀ. ರೋಲ್‌ನಲ್ಲಾದರೆ ೩೬ ಚಿತ್ರಗಳು ದೊರೆಯುತ್ತವೆ. ೫೦೦ಸಿ ಮೊದಲಾದ ಮಾದರಿಗಳಲ್ಲಿ ಬೆಳಕಿನ ಮಾಪಕವಿಲ್ಲದಿರುವುದರಿಂದ ಅದನ್ನೂ ಪ್ರತ್ಯೇಕವಾಗಿ ಕೊಳ್ಳಬೇಕಾಗಬಹುದು.

ಪರೀಕ್ಷಿಸಬೇಕಾದ ಅಂಶಗಳು

* ಮಸೂರದಲ್ಲಿ ಬೂಷ್ಟು ಹಿಡಿದಿದೆಯೇ?
* ಒಂದು ಸೆಕೆಂಡಿನಂತಹ ನಿಧಾನ ವೇಗಗಳಲ್ಲಿ ಶಟರ್ ತಡವರಿಸುತ್ತದೆಯೇ?
* ಮ್ಯಾಗಜಿನ್‌ನ ಬೆಳಕುತಡೆ ಸವೆದಿದೆಯೇ? ಸವೆದಿದ್ದರೆ ಫಿಲ್ಮ್ ಮೇಲೆ ಬೆಳಕಿನ ಗೆರೆ ಬೀಳುತ್ತದೆ.
* ಮ್ಯಾಗಜಿನ್‌ನ ಹೊರಕವಚ ಮತ್ತು ಒಳಭಾಗದ ಸಂಖ್ಯೆಗಳು ಹೊಂದುತ್ತವೆಯೇ?

ಮಸೂರ ಜೋಡಿಸುವಾಗ ಒಡಲು ಮತ್ತು ಮಸೂರ ಎರಡೂ ಕೀಲಿ ಕೊಟ್ಟ ಸ್ಥಿತಿಯಲ್ಲಿರಬೇಕು. ಇಲ್ಲದಿದ್ದರೆ ಕ್ಯಾಮೆರಾ ಸಿಕ್ಕಿಕೊಳ್ಳುತ್ತದೆ.

ಪರ್ಯಾಯಗಳು

ಯಾಶಿಕಾ-ಮ್ಯಾಟ್ ೧೨೪ಜಿ, ರೋಲಿಕಾರ್ಡ್ ಮುಂತಾದ ಜೋಡಿ ಮಸೂರದ ಕ್ಯಾಮೆರಾಗಳು ಇದೇ ಗಾತ್ರದ ಚಿತ್ರವನ್ನು ಕಡಿಮೆ ಬೆಲೆಗೆ ನೀಡುತ್ತವೆ; ಆದರೆ ಅವುಗಳ ಮಸೂರವನ್ನು ಬದಲಾಯಿಸಲಾಗದು. ಒಂದೇ ಮಸೂರ, ಒಂದೇ ಬಗೆಯ ಫಿಲ್ಮ್ ಸಾಕೆನ್ನುವವರು ವಿ ಸರಣಿಯನ್ನು ಕೊಂಡರೆ, ತಾವು ಬಳಸದ ಸೌಲಭ್ಯಕ್ಕೇ ಹೆಚ್ಚಿನ ಬೆಲೆ ತೆತ್ತಂತಾಗುತ್ತದೆ.