ಚೆಂಡಿನ ಬೆನ್ನು ಹತ್ತಿದವನು ಸೋತ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಮೊದಲ ಸಲ ನೋಡಿದವರಿಗೆ ತಪ್ಪೆಂದೇ ತೋರುವ ಒಂದು ದೃಶ್ಯವಿದೆ. ರಕ್ಷಣಾ ಸಾಲಿನ ಅಂಚಿನಲ್ಲಿ ನೂರಿಪ್ಪತ್ತು ಕಿಲೋ ತೂಕದ ಆಳು ನಿಂತಿದ್ದಾನೆ. ಎದುರಾಳಿಯನ್ನು ನೆಲಕ್ಕೆ ಕೆಡವುವುದೇ ಅವನ ಕೆಲಸ. ಆಟ ಶುರುವಾದ ಕೂಡಲೇ ಅವನನ್ನು ತಡೆಯಬೇಕಾದ ಎದುರು ತಂಡದವನು ಅವನ ಪಕ್ಕದಿಂದಲೇ ನುಸುಳಿ ಮುಂದೆ ಓಡಿಹೋಗುತ್ತಾನೆ. ದಾರಿ ತೆರೆದಿದೆ, ಮೈಮೇಲೆ ಯಾರ ಕೈಯೂ ಇಲ್ಲ. ಆದರೂ ಮರುಗಳಿಗೆ ಚೆಂಡು ಅವನನ್ನು ದಾಟಿ ಹತ್ತು ಗಜ ಆಚೆಗೆ ಹೋಗಿರುತ್ತದೆ.

ಈ ತಂತ್ರದ ಹೆಸರು ಟ್ರಿಪಲ್ ಆಪ್ಷನ್. ಕಳೆದ ಅರವತ್ತು ವರ್ಷಗಳಿಂದ ದೊಡ್ಡ ದೊಡ್ಡ ಕೋಚ್‌ಗಳ ನಿದ್ದೆ ಕೆಡಿಸಿರುವ ತಂತ್ರ ಇದು. ಇದನ್ನು ತಡೆಯುವ ಬಗೆಯನ್ನು ಕ್ರೀಡಾ ಪುಟಗಳು ಶಿಸ್ತು, ಧೈರ್ಯ, ಛಲದ ಮಾತಿನಲ್ಲಿ ವಿವರಿಸುತ್ತವೆ. ನನ್ನ ಪ್ರಕಾರ ಇದರ ತಿರುಳು ಮನುಷ್ಯನ ಮಿದುಳಿಗೆ ನಿರ್ಧಾರ ತೆಗೆದುಕೊಳ್ಳಲು ಬೇಕಾಗುವ ಸಮಯದಲ್ಲಿದೆ. ನಿರ್ಧಾರದ ಹೊರೆ ಯಾರ ತಲೆಯ ಮೇಲೆ ಬೀಳುತ್ತದೋ ಅವರು ಸೋಲುತ್ತಾರೆ.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಆ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಇನ್ನೊಬ್ಬನ ಕೈಗೆ ಕೊಡಬಹುದು, ತಾನೇ ಓಡಬಹುದು. ಉಳಿದವರು ರಕ್ಷಕರಿಗೆ ಅಡ್ಡ ನಿಂತು ದಾರಿ ಬಿಡಿಸುತ್ತಾರೆ. ಹೀಗೆ ಅಡ್ಡ ನಿಲ್ಲುವುದಕ್ಕೆ ಬ್ಲಾಕ್ ಎನ್ನುತ್ತಾರೆ.

ಇಲ್ಲೊಂದು ಸರಳ ಗಣಿತವಿದೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬೇರೊಬ್ಬನಿಗೆ ಕೊಟ್ಟರೆ ಕೊಟ್ಟವನೂ ಬ್ಲಾಕ್ ಮಾಡುವುದಿಲ್ಲ, ಓಡುವವನೂ ಮಾಡುವುದಿಲ್ಲ. ಹನ್ನೊಂದು ರಕ್ಷಕರ ಎದುರು ಒಂಬತ್ತೇ ಬ್ಲಾಕರ್‌ಗಳು ಉಳಿಯುತ್ತಾರೆ. ಎಷ್ಟೇ ಬಲವಿದ್ದರೂ ಇಬ್ಬರು ರಕ್ಷಕರು ಬಿಡುವಾಗಿರುತ್ತಾರೆ. ಟ್ರಿಪಲ್ ಆಪ್ಷನ್ ಕಂಡುಹಿಡಿದವರು ಇದನ್ನು ತಿರುಗಿಸಿ ನೋಡಿದರು. ಇಬ್ಬರು ಹೇಗೂ ಉಳಿಯುತ್ತಾರಲ್ಲ, ಆ ಇಬ್ಬರು ಯಾರೆಂದು ನಾವೇ ಏಕೆ ಆರಿಸಬಾರದು? ಅವರನ್ನು ಬ್ಲಾಕ್ ಮಾಡುವ ಬದಲು ಅವರು ಏನು ಮಾಡುತ್ತಾರೋ ನೋಡಿ ಅದಕ್ಕೆ ಉಲ್ಟಾ ಮಾಡಿದರಾಯಿತು.

ಹತ್ತಿರದಿಂದ ನೋಡೋಣ. ಕ್ವಾರ್ಟರ್‌ಬ್ಯಾಕ್ ಚೆಂಡು ಪಡೆದು ತಿರುಗುತ್ತಾನೆ. ಬೆನ್ನ ಹಿಂದೆ ನಿಂತಿದ್ದ ಫುಲ್‌ಬ್ಯಾಕ್ ನೇರ ಮುಂದಕ್ಕೆ ನುಗ್ಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದು ಅವನ ಜೊತೆಗೇ ಒಂದೆರಡು ಹೆಜ್ಜೆ ಹಾಕುತ್ತಾನೆ. ಚೆಂಡಿನ ಮೇಲೆ ಇಬ್ಬರ ಕೈಯೂ ಇದೆ, ಕೊಟ್ಟಿದ್ದೂ ಅಲ್ಲ, ಬಿಟ್ಟಿದ್ದೂ ಅಲ್ಲ. ಈ ಕ್ಷಣವನ್ನು ಆಟಗಾರರು ಮೆಶ್ ಎನ್ನುತ್ತಾರೆ. ಅರೆ ಸೆಕೆಂಡಿನಷ್ಟು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಇರುವುದು ಅಂಚಿನ ಆ ರಕ್ಷಕನ ಭುಜದ ಮೇಲೆ. ಭುಜ ಒಳಕ್ಕೆ ತಿರುಗಿ ಫುಲ್‌ಬ್ಯಾಕ್ ಕಡೆ ವಾಲಿದರೆ ಚೆಂಡನ್ನು ಹಿಂದಕ್ಕೆಳೆದುಕೊಂಡು ಹೊರಗೆ ಓಡುತ್ತಾನೆ. ವಾಲದಿದ್ದರೆ ಚೆಂಡು ಫುಲ್‌ಬ್ಯಾಕ್‌ಗೆ. ಹೊರಗೆ ಓಡಿದಾಗ ಎರಡನೆಯ ರಕ್ಷಕ ಸಿಗುತ್ತಾನೆ. ಅವನು ತನ್ನ ಮೇಲೆ ಬಂದರೆ, ಕೆಲವು ಗಜ ಹೊರಗೆ ಜೊತೆಯಾಗಿ ಓಡುತ್ತಿರುವ ಮೂರನೆಯವನಿಗೆ ಚೆಂಡು ಚಿಮ್ಮಿಸುತ್ತಾನೆ. ಅದು ಪಿಚ್. ಅವನು ಹೊರಗಿನವನ ಕಡೆ ಹೋದರೆ ತಾನೇ ಓಡುತ್ತಾನೆ. ಕಬಡ್ಡಿಯಲ್ಲಿ ಜಾಣ ರೇಡರ್ ಅಂಚಿನ ರಕ್ಷಕ ಮೊದಲು ಮೈಚಾಚಲಿ ಎಂದು ಕಾಯುತ್ತಾನಲ್ಲ, ಇದೂ ಹಾಗೆಯೇ. ಮೊದಲು ಚಲಿಸಿದವನದೇ ತಪ್ಪು.

1960ರ ದಶಕದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಯೋಮನ್ ಇದಕ್ಕೊಂದು ರೂಪ ಕೊಟ್ಟರು. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡ್ಯಾರೆಲ್ ರಾಯಲ್ ಅವರ ಸಹಾಯಕರಾಗಿದ್ದ ಎಮೊರಿ ಬೆಲ್ಲಾರ್ಡ್, ಕ್ವಾರ್ಟರ್‌ಬ್ಯಾಕ್ ಹಿಂದೆ ಮೂವರನ್ನು ನಿಲ್ಲಿಸಿ ವಿಶ್‌ಬೋನ್ ಎಂಬ ರಚನೆ ಮಾಡಿದರು. ಅದರೊಡನೆ ಆಡಿದ ಮೊದಲ ಎರಡು ಪಂದ್ಯಗಳಲ್ಲಿ ಟೆಕ್ಸಾಸ್‌ಗೆ ಸಿಕ್ಕಿದ್ದು ಒಂದು ಸಮಬಲ, ಒಂದು ಸೋಲು. ಆಮೇಲೆ ಸತತ 30 ಗೆಲುವು. 1971ರಲ್ಲಿ ಇದೇ ರಚನೆಯಲ್ಲಿ ಆಡಿದ ಒಕ್ಲಹೋಮ ತಂಡ ಪಂದ್ಯವೊಂದಕ್ಕೆ ಸರಾಸರಿ 472 ಗಜ ಬರೀ ಓಟದಲ್ಲೇ ಗಳಿಸಿತು.

ಇದರ ಎದುರು ರಕ್ಷಕ ಏಕೆ ಕುರುಡನಾಗುತ್ತಾನೆ? ಡಚ್ ವಿಜ್ಞಾನಿ ಫ್ರಾನ್ಸಿಸ್ಕಸ್ ಡಾಂಡರ್ಸ್ 1868ರಲ್ಲೇ ಇದರ ಬುಡವನ್ನು ಮುಟ್ಟಿದ್ದರು. ಒಂದೇ ಸೂಚನೆಗೆ ಒಂದೇ ಪ್ರತಿಕ್ರಿಯೆ ಕೊಡುವುದಾದರೆ ಮನುಷ್ಯ ಬೇಗ ಸ್ಪಂದಿಸುತ್ತಾನೆ, ಹಲವುಗಳಲ್ಲಿ ಒಂದನ್ನು ಆರಿಸಬೇಕಾದರೆ ತಡವಾಗುತ್ತದೆ ಎಂದು ಅವರು ಅಳೆದು ತೋರಿಸಿದರು. 1952ರಲ್ಲಿ ಬ್ರಿಟನ್ನಿನ ವಿಲಿಯಂ ಹಿಕ್, ಮರುವರ್ಷ ಅಮೆರಿಕದ ರೇ ಹೈಮನ್ ಆ ತಡಕ್ಕೊಂದು ಸೂತ್ರ ಕೊಟ್ಟರು. ಆಯ್ಕೆಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ತಡ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಏರುತ್ತದೆ. ಇನ್ನೊಂದು ಮಿತಿಯನ್ನು ಚಾರ್ಲ್ಸ್ ಟೆಲ್ಫರ್ಡ್ 1931ರಲ್ಲಿ ಗುರುತಿಸಿದ್ದರು. ಮೊದಲ ಸೂಚನೆಯ ಬೆನ್ನಲ್ಲೇ ಎರಡನೆಯದು ಬಂದರೆ, ಮೊದಲನೆಯದನ್ನು ಮುಗಿಸುವವರೆಗೆ ಮಿದುಳು ಎರಡನೆಯದನ್ನು ಬದಿಗಿಡುತ್ತದೆ.

ಮೆಶ್‌ನಲ್ಲಿ ನಡೆಯುವುದು ಇದೇ. ಫುಲ್‌ಬ್ಯಾಕ್ ನುಗ್ಗಿದ್ದು ಮೊದಲ ಸೂಚನೆ, ಚೆಂಡು ಹಿಂದಕ್ಕೆ ಬಂದದ್ದು ಎರಡನೆಯದು. ನೋಡಿದ್ದಕ್ಕೆ ಸ್ಪಂದಿಸಲು ಆರೋಗ್ಯವಂತನಿಗೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಸೆಕೆಂಡಿಗೆ ಏಳು ಮೀಟರ್ ಓಡುವವನು ಅಷ್ಟರಲ್ಲಿ ಹೆಚ್ಚುಕಡಿಮೆ ಒಂದೂವರೆ ಮೀಟರ್ ಸಾಗಿರುತ್ತಾನೆ. ಅಂದರೆ ಚಾಚಿದ ಕೈಯ ಅಳತೆಯನ್ನು ಮೀರಿ. ರಕ್ಷಕನ ತೋಳ್ಬಲ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಮದ್ದು ಕೂಡ ಹಿಕ್ ಸೂತ್ರದಲ್ಲೇ ಇದೆ. ಆಯ್ಕೆ ಒಂದಕ್ಕೆ ಇಳಿದರೆ ಆರಿಸುವ ತಡ ಇಲ್ಲವಾಗುತ್ತದೆ. ಆದ್ದರಿಂದ ಕೋಚ್‌ಗಳು ಪ್ರತಿ ರಕ್ಷಕನಿಗೂ ಒಬ್ಬನನ್ನು ಗಂಟುಹಾಕುತ್ತಾರೆ. ನಿನ್ನ ಪಾಲು ಫುಲ್‌ಬ್ಯಾಕ್. ಚೆಂಡು ಅವನ ಬಳಿ ಇದೆಯೋ ಇಲ್ಲವೋ ಅದು ನಿನಗೆ ಬೇಡ, ಅವನನ್ನು ಕೆಡವು. ಇನ್ನೊಬ್ಬನ ಪಾಲು ಕ್ವಾರ್ಟರ್‌ಬ್ಯಾಕ್, ಮತ್ತೊಬ್ಬನ ಪಾಲು ಪಿಚ್. ಕೇಳಲು ಸುಲಭ. ಆದರೆ ಎಂಟು ಹತ್ತು ವರ್ಷ ವಯಸ್ಸಿನಿಂದ ಚೆಂಡಿನತ್ತ ಓಡು ಎಂದೇ ಕಲಿತ ಹುಡುಗನಿಗೆ ಈಗ ಚೆಂಡನ್ನು ನೋಡಲೇಬೇಡ ಎನ್ನಬೇಕು. ಈ ಅಭ್ಯಾಸ ಮುರಿಯಲು ಕೆಲವು ಕೋಚ್‌ಗಳು ತಾಲೀಮಿನಲ್ಲಿ ಚೆಂಡನ್ನೇ ತೆಗೆದುಬಿಡುತ್ತಾರೆ. ಎದುರಿನವರು ಚೆಂಡಿಲ್ಲದೆ ಓಡುತ್ತಾರೆ, ರಕ್ಷಕರು ತಮ್ಮ ತಮ್ಮ ಪಾಲಿನವನನ್ನು ಹಿಡಿಯುತ್ತಾರೆ. ಹಿಂಬಾಲಿಸಲು ಚೆಂಡೇ ಇಲ್ಲದಿದ್ದಾಗ ಕಣ್ಣು ಅನಿವಾರ್ಯವಾಗಿ ಮನುಷ್ಯನ ಮೇಲೆ ನೆಡುತ್ತದೆ. ನಾನು ಕೇಳಿರುವ ತರಬೇತಿ ಉಪಾಯಗಳಲ್ಲಿ ಇಷ್ಟು ಸರಳವೂ ಇಷ್ಟು ಆಳವೂ ಆದದ್ದು ಇನ್ನೊಂದಿಲ್ಲ.

ಇದರಲ್ಲಿ ನಂಬಿಕೆಯ ಪ್ರಶ್ನೆಯೂ ಇದೆ. ಫುಲ್‌ಬ್ಯಾಕ್ ಸತತ ನಾಲ್ಕು ಸಲ ಐದೈದು ಗಜ ಕಿತ್ತರೆ, ಪಿಚ್ ಕಾಯುತ್ತಿರುವ ಸೇಫ್ಟಿ ಎಂಬ ಹಿಂಬದಿಯ ರಕ್ಷಕನಿಗೆ ಒಳಗೆ ಹೋಗಿ ಕೈಜೋಡಿಸೋಣ ಅನಿಸುತ್ತದೆ. ಅವನು ಒಳಕ್ಕೆ ಬಂದ ಮುಂದಿನ ಆಟದಲ್ಲೇ ಹೊರಗಿನ ಬಯಲು ಖಾಲಿ, ಅರವತ್ತು ಗಜದ ಓಟ. ಒಬ್ಬನ ಒಳ್ಳೆಯ ಮನಸ್ಸಿನಿಂದಲೇ ಹನ್ನೊಂದು ಜನ ಕೆಡುತ್ತಾರೆ.

1971ರ ಜನವರಿ 1ರಂದು ಡಲ್ಲಾಸ್‌ನ ಕಾಟನ್ ಬೌಲ್ ಪಂದ್ಯದಲ್ಲಿ ನೊಟ್ರ ಡೇಮ್ ತಂಡ ಟೆಕ್ಸಾಸ್‌ನ ಆ 30 ಗೆಲುವುಗಳ ಸರಪಳಿಯನ್ನು 24-11ರಿಂದ ಕಡಿಯಿತು. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ಮೈದಾನದಲ್ಲಿ ಅದೇ ಎದುರಾಳಿಗೆ 17-21ರಿಂದ ಸೋತಿದ್ದ ತಂಡ ಅದು. ಕೋಚ್ ಆರಾ ಪಾರ್ಸೀಗಿಯನ್ ವಿಶ್‌ಬೋನ್‌ನ ಹಿಂದಿನ ಆಟಗಾರರಿಗೆ ಎದುರುಬದುರಾಗಿ, ಕನ್ನಡಿಯ ಬಿಂಬದ ಹಾಗೆ ತಮ್ಮವರನ್ನು ನಿಲ್ಲಿಸಿದರು. ಒಬ್ಬನಿಗೆ ಒಬ್ಬ. ಆ ದಿನ ಟೆಕ್ಸಾಸ್ ಒಂಬತ್ತು ಸಲ ಚೆಂಡು ಕೈಬಿಟ್ಟಿತು, ಅದರಲ್ಲಿ ಐದನ್ನು ನೊಟ್ರ ಡೇಮ್ ವಶಪಡಿಸಿಕೊಂಡಿತು. ಮೆಶ್‌ನ ಅರೆ ಸೆಕೆಂಡಿನಲ್ಲಿ ಕ್ವಾರ್ಟರ್‌ಬ್ಯಾಕ್ ತುಸು ಅನುಮಾನಿಸಿದರೂ ಸಾಕು, ಇಬ್ಬರ ಕೈಯಲ್ಲಿದ್ದ ಚೆಂಡು ಯಾರ ಕೈಯಲ್ಲೂ ಇರುವುದಿಲ್ಲ.

ನಿಜವಾದ ರಕ್ಷಣೆ ಶುರುವಾಗುವುದೂ ಕ್ವಾರ್ಟರ್‌ಬ್ಯಾಕ್‌ನ ಆ ಅನುಮಾನದಿಂದಲೇ ಎನ್ನುವುದು ನನ್ನ ಅಭಿಪ್ರಾಯ. ಶಿಸ್ತು ಸೋಲನ್ನು ತಡೆಯುತ್ತದೆ, ಅಷ್ಟೆ. ನಿಮ್ಮ ಶಿಸ್ತನ್ನು ಎದುರಿನ ಕ್ವಾರ್ಟರ್‌ಬ್ಯಾಕ್ ಮೂರು ಆಟಗಳಲ್ಲಿ ಓದಿಬಿಡುತ್ತಾನೆ. ಅಂಚಿನವನು ಸದಾ ಫುಲ್‌ಬ್ಯಾಕ್‌ನನ್ನೇ ಹಿಡಿಯುತ್ತಾನೆಂದು ಗೊತ್ತಾದರೆ ಓದುವ ಅಗತ್ಯವೇ ಇಲ್ಲ. ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಗಣಿತಕ್ಕೆ ಅಡಿಪಾಯ ಹಾಕಿದಾಗ ತೋರಿಸಿದ್ದೂ ಇದನ್ನೇ: ಇಬ್ಬರೂ ಏಕಕಾಲಕ್ಕೆ ನಡೆ ಆರಿಸುವ ಪೈಪೋಟಿಯಲ್ಲಿ ಊಹೆಗೆ ಸಿಗದಂತೆ ನಡೆಗಳನ್ನು ಬೆರೆಸಬೇಕಾಗುತ್ತದೆ. ಟ್ರಿಪಲ್ ಆಪ್ಷನ್‌ನ ಚಾಣಾಕ್ಷತನವೆಂದರೆ ಏಕಕಾಲದ ಆಟವನ್ನು ಅದು ಸರದಿಯ ಆಟವಾಗಿ ಮಾರ್ಪಡಿಸಿದೆ. ರಕ್ಷಕ ಮೊದಲು ನಡೆ ತೋರಿಸುತ್ತಾನೆ, ಕ್ವಾರ್ಟರ್‌ಬ್ಯಾಕ್ ನೋಡಿ ಉತ್ತರಿಸುತ್ತಾನೆ. ಕೊನೆಯ ನಡೆಯ ಹಕ್ಕನ್ನು ಅವನಿಂದ ಕಸಿದುಕೊಳ್ಳಬೇಕು.

ಅದಕ್ಕೊಂದು ದಾರಿ ಪಾತ್ರ ಅದಲುಬದಲು. ಅಂಚಿನವನು ಭುಜ ಒಳಕ್ಕೆ ತಿರುಗಿಸುತ್ತಾನೆ. ಕ್ವಾರ್ಟರ್‌ಬ್ಯಾಕ್ ಪಾಠದಂತೆ ಚೆಂಡನ್ನು ಎಳೆದುಕೊಂಡು ಹೊರಗೆ ಓಡುತ್ತಾನೆ. ಆದರೆ ರಕ್ಷಣಾ ಸಾಲಿನ ಹಿಂದೆ ಒಳಗಿದ್ದ ಲೈನ್‌ಬ್ಯಾಕರ್ ಅಷ್ಟರಲ್ಲಿ ಅಂಚಿನವನ ಬೆನ್ನ ಹಿಂದಿನಿಂದ ಸುತ್ತಿ ಬಂದು ಅದೇ ಜಾಗದಲ್ಲಿ ಕಾಯುತ್ತಿರುತ್ತಾನೆ. ಓದಿದ್ದು ಸರಿ, ಸಿಕ್ಕ ಉತ್ತರ ತಪ್ಪು. ಇದನ್ನು ಯಾವ ಆಟದಲ್ಲಿ ಮಾಡುತ್ತಾರೆ, ಯಾವುದರಲ್ಲಿ ಮಾಡುವುದಿಲ್ಲ ಎಂಬ ಗುಟ್ಟು ಉಳಿದಷ್ಟು ಹೊತ್ತು ಆಯ್ಕೆಯ ಭಾರ ಕ್ವಾರ್ಟರ್‌ಬ್ಯಾಕ್‌ನ ತಲೆಗೇರುತ್ತದೆ. ಹಿಕ್ ಸೂತ್ರ ಅವನಿಗೂ ಅನ್ವಯಿಸುತ್ತದೆ.

ಎರಡನೆಯ ದಾರಿ ಕಾಲಹರಣ. ಎರಡನೆಯ ರಕ್ಷಕ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುವುದೂ ಇಲ್ಲ, ಪಿಚ್ ಕಡೆ ಓಡುವುದೂ ಇಲ್ಲ. ಇಬ್ಬರ ನಡುವೆ ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತಾ ಹಿಂದೆ ಸರಿಯುತ್ತಾನೆ. ಅವನು ನಡೆ ತೋರಿಸದಿದ್ದರೆ ಓದಲು ಏನೂ ಇಲ್ಲ. ಅಷ್ಟರಲ್ಲಿ ಮೈದಾನದ ಆಚೆ ಬದಿಯ ರಕ್ಷಕರು ಓಡಿಬರುತ್ತಾರೆ, ಪಕ್ಕದ ಗೆರೆಯೂ ಹತ್ತಿರವಾಗುತ್ತದೆ. ಮೈದಾನದ ಅಗಲ 160 ಅಡಿ. ಚೆಂಡು ಒಂದು ಬದಿಯ ಗುರುತಿನಲ್ಲಿದ್ದರೆ ಆ ಕಡೆಯ ಗೆರೆ 60 ಅಡಿ ದೂರವಷ್ಟೆ. ದಣಿಯದ, ಮೋಸ ಹೋಗದ ಹನ್ನೆರಡನೆಯ ರಕ್ಷಕ ಎಂದರೆ ಆ ಗೆರೆಯೇ. ಅಂಚಿನವನು ನುಗ್ಗಿ ತೋರಿಸುವ ಶೌರ್ಯಕ್ಕಿಂತ ಈ ಹಿಂದೆ ಸರಿಯುವ ತಾಳ್ಮೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಇಷ್ಟೆಲ್ಲ ತಿಳಿದಿದ್ದರೂ ತಂಡಗಳು ಏಕೆ ಸೋಲುತ್ತವೆ? ತಯಾರಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ವಾರ. ಇಂದು ಈ ಆಟವನ್ನು ಬಿಡದೆ ಹಿಡಿದಿರುವುದು ಮುಖ್ಯವಾಗಿ ಆರ್ಮಿ, ನೇವಿಯಂಥ ಅಮೆರಿಕದ ಸೇನಾ ಅಕಾಡೆಮಿಗಳ ತಂಡಗಳು. ಓದು ಮುಗಿದ ಮೇಲೆ ಸೇನೆಯಲ್ಲಿ ಸೇವೆ ಸಲ್ಲಿಸಬೇಕಾದ, ಮೈಕಟ್ಟಿನ ಮಿತಿಯೂ ಇರುವ ಅಲ್ಲಿನ ಹುಡುಗರು ದೈತ್ಯರಲ್ಲ. ದೈತ್ಯರನ್ನು ಬ್ಲಾಕ್ ಮಾಡದೆ ಗೆಲ್ಲುವ ಆಟ ಅವರಿಗೆ ಹೇಳಿ ಮಾಡಿಸಿದಂತಿದೆ. ಅವರು ಅದನ್ನು ವರ್ಷವಿಡೀ ಅಭ್ಯಾಸ ಮಾಡುತ್ತಾರೆ, ಎದುರಾಳಿ ಆರು ದಿನದಲ್ಲಿ ಕಲಿಯಬೇಕು. ಅನುಕರಿಸಿ ತೋರಿಸಬೇಕಾದ ತಾಲೀಮು ತಂಡಕ್ಕೆ ಆ ವೇಗ ಬರುವುದಿಲ್ಲ. ಹೀಗಾಗಿ ಪಂದ್ಯದ ದಿನವಾದ ಶನಿವಾರ ಎದುರಾಗುವ ನಿಜವಾದ ಮೆಶ್ ವಾರವಿಡೀ ಕಂಡದ್ದಕ್ಕಿಂತ ಬೇಗ ನಡೆದುಹೋಗುತ್ತದೆ.

ಜೊತೆಗೆ ಮೊಣಕಾಲಿನ ಮಟ್ಟಕ್ಕೆ ಬಿದ್ದು ಮಾಡುವ ಕಟ್ ಬ್ಲಾಕ್ ಇದೆ. ನಿಂತವನ ದೇಹದ ತೂಕದ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಅದರ ಕೆಳಗೆ ಹೊಡೆತ ಬಿದ್ದರೆ ಎಷ್ಟು ದೊಡ್ಡವನೂ ಉರುಳುತ್ತಾನೆ. ಇದಕ್ಕೆ ರಕ್ಷಕ ಮಂಡಿ ಬಗ್ಗಿಸಿ, ಬ್ಲಾಕರ್‌ನ ಭುಜವನ್ನು ಎರಡೂ ಕೈಯಿಂದ ನೆಲಕ್ಕೆ ಒತ್ತಿ, ಕಾಲುಗಳನ್ನು ಹಿಂದಕ್ಕೆ ಎಸೆಯಬೇಕು. ಒಂದು ಕಣ್ಣು ಮೊಣಕಾಲಿನ ಮೇಲೆ, ಇನ್ನೊಂದು ತನ್ನ ಪಾಲಿನವನ ಮೇಲೆ. ಮತ್ತೆ ಅದೇ ಗಮನ ಹಂಚಿಕೆಯ ಸಂಕಟ. 2022ರಲ್ಲಿ ನಿಯಮ ಬದಲಾಗಿ, ಮಧ್ಯದ ಸೀಮಿತ ಆವರಣದ ಆಚೆ ಸೊಂಟದ ಕೆಳಗಿನ ಬ್ಲಾಕ್ ನಿಷಿದ್ಧವಾಯಿತು. ಮೊಣಕಾಲುಗಳ ದೃಷ್ಟಿಯಿಂದ ಅದು ಬೇಕಾಗಿದ್ದ ನಿಯಮ.

ಇನ್ನೊಂದು ಲೆಕ್ಕ. ನಾಲ್ಕು ಯತ್ನಕ್ಕೆ ಹತ್ತು ಗಜ ಎಂದರೆ ಯತ್ನಕ್ಕೆ ಎರಡೂವರೆ ಗಜ ಸಾಕು. ನಾಲ್ಕನೆಯ ಯತ್ನದಲ್ಲೂ ಹಿಂಜರಿಯದೆ ಓಡುವ ತಂಡದ ಕೈಯಿಂದ ಚೆಂಡು ಬಿಡಿಸುವುದೇ ಕಷ್ಟ. 2018ರ ಸೆಪ್ಟೆಂಬರ್‌ನಲ್ಲಿ ದೇಶದ ಐದನೇ ಸ್ಥಾನದಲ್ಲಿದ್ದ ಒಕ್ಲಹೋಮ ವಿರುದ್ಧ ಆರ್ಮಿ ತಂಡ 60 ನಿಮಿಷಗಳಲ್ಲಿ ಸುಮಾರು 45 ನಿಮಿಷ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಒಕ್ಲಹೋಮ ಹೆಚ್ಚುವರಿ ಅವಧಿಯಲ್ಲಿ 28-21ರಿಂದ ಹೇಗೋ ಗೆದ್ದಿತು. ಆದ್ದರಿಂದ ಮೊದಲ ಯತ್ನದಲ್ಲೇ ಫುಲ್‌ಬ್ಯಾಕ್‌ನನ್ನು ಒಂದೆರಡು ಗಜಕ್ಕೆ ನಿಲ್ಲಿಸುವ ಬಲಿಷ್ಠ ಮಧ್ಯಭಾಗ ಇಲ್ಲದೆ ಮೇಲಿನ ಯಾವ ಉಪಾಯವೂ ನಿಲ್ಲುವುದಿಲ್ಲ.

ಕಟ್ ಬ್ಲಾಕ್‌ನ ಹೊಸ ನಿಯಮ ಬಂದಾಗ ಈ ಆಟದ ಕಥೆ ಮುಗಿಯಿತೆಂದು ಹಲವರು ಬರೆದರು. ಆದರೆ 2024ರಲ್ಲಿ ಆರ್ಮಿ ಓಟದ ಗಜಗಳಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದು, 12 ಪಂದ್ಯ ಗೆದ್ದು, ತನ್ನ ಲೀಗಿನ ಕಿರೀಟ ಧರಿಸಿತು. ಅದನ್ನು ಆ ವರ್ಷ ಸೋಲಿಸಿದ್ದು ಎರಡೇ ತಂಡಗಳು. ಒಂದು ನೊಟ್ರ ಡೇಮ್, ಇನ್ನೊಂದು ಅದೇ ಬಗೆಯ ಆಟವನ್ನು ಬಹುಕಾಲ ತಾನೂ ಆಡಿ ಬಲ್ಲ ನೇವಿ.